ಹನ್ನೊಂದು ತಿಂಗಳ ಕರಾರು

ನಮ್ಮ ಮದುವೆ ಆದದ್ದು ಒಂದು ‘ಹೂಂ’ನಲ್ಲಿ.
ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿ,
ಮಂಗಳವಾರ ಮೂರೂವರೆ. ರಾಹುಕಾಲ,
ಆಮೇಲೆ ಲೆಕ್ಕ ಹಾಕಿದೆ.

‘ಮನೆ ಬಾಡಿಗೆಗಿದೆ’ ಹಲಗೆಯ ಕೆಳಗೆ
ನಾನು, ಬಸ್ಸಿನ ಕಂಡಕ್ಟರು, ಕಂಕುಳಲ್ಲಿ ಟಿಕೆಟ್ ಯಂತ್ರ;
ಅವನು, ಗೂಡು ತೂಗುವವನು, ಸ್ವಂತಕ್ಕೊಂದು ಗೂಡಿಲ್ಲದವನು.
ಒಂಟಿ ಹೆಂಗಸಿಗೆ ಇಲ್ಲ ಎಂದಿದ್ದರು ಏಳು ಕಡೆ.
ಒಂಟಿ ಗಂಡಸಿಗೆ ಒಂಬತ್ತು ಕಡೆ.
(ಎರಡು ಮನೆ ಮುಂದಿದ್ದೆ ಅಂತ ಈಗಲೂ ಹೇಳಿಕೊಳ್ಳುತ್ತಾನೆ.)

ಬಾಗಿಲು ತೆಗೆದ ಅಶ್ವತ್ಥಮ್ಮ
ಒಂದೇ ನೋಟದಲ್ಲಿ ಇಬ್ಬರನ್ನೂ ಗಂಟು ಹಾಕಿ
‘ಗಂಡ ಹೆಂಡ್ತೀನಾ?’ ಎಂದರು.
ಅವನು ನೊಣ ಓಡಿಸಲು ತಲೆ ಆಡಿಸಿದ.
ನಾನು ‘ಹೂಂ’ ಅಂದುಬಿಟ್ಟೆ.
ಓಲಗವಿಲ್ಲ, ಅಕ್ಷತೆಯಿಲ್ಲ,
ಸಾಕ್ಷಿಗೆ ಒಂದು ಊಜಿ ನೊಣ.

ಎರಡು ಕೋಣೆ, ನಡುವೆ ಹೂವಿನ ಪರದೆ.
ಬಾಡಿಗೆ ಅರ್ಧರ್ಧ, ಹಾಲು ಅರ್ಧರ್ಧ, ಗ್ಯಾಸಿಗೆ ಬೇರೆ ಲೆಕ್ಕ.
ಕರಾರು ಪತ್ರದಲ್ಲಿ ‘ಪಿಳ್ಳಾಂಜಿನಪ್ಪ ಮತ್ತು ಪತ್ನಿ’.
ಪತ್ನಿಗೆ ಹೆಸರಿಲ್ವಾ ಎಂದು ರೇಗಿದೆ.
‘ಆಗ ನಿಮ್ಮ ಹೆಸರು ನನಗೆ ಗೊತ್ತಿರಲಿಲ್ಲವಲ್ಲ.’
ನಿಜ.

ಮೊದಲ ವಾರವೇ ಅನುಮಾನ.
ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಕಾಫಿ ಕೊಡುವ ಅಶ್ವತ್ಥಮ್ಮ
ಮೆಟ್ಟಿಲ ಮೇಲೆ ಅವರೆಕಾಯಿ ಬಿಡಿಸುತ್ತ ಕೇಳಿದರು:
‘ಅಲ್ಲಮ್ಮಾ, ಅವನಿಗೆ ನೀನು ನೀವು ಅಂತೀಯ,
ನಿನಗೆ ಅವನೂ ನೀವು ಅಂತಾನೆ,
ನೀರು ಕೊಟ್ಟರೆ ಥ್ಯಾಂಕ್ಸ್ ಬೇರೆ.
ಇದೇನು ಸಂಸಾರವಾ, ಬ್ಯಾಂಕಾ?’

ಆ ರಾತ್ರಿಯೇ ಜಗಳದ ವೇಳಾಪಟ್ಟಿ ಬರೆದೆವು,
ಡಿಪೋದ ಹಳೆ ಹಾಳೆಯ ಬೆನ್ನಿಗೆ:
ಸೋಮವಾರ ಉಪ್ಪು. ಬುಧವಾರ ಅವನ ಅಕ್ಕ.
ಶುಕ್ರವಾರ ನನ್ನ ತವರು, ಸಂಜೆ ಏಳೂವರೆಗೆ,
ಧಾರಾವಾಹಿಗೆ ಮುಂಚೆ,
ಕೆಳಮನೆಯ ಕಿವಿ ಬಿಡುವಾಗಿರುವ ಹೊತ್ತಿಗೆ.

ಅವನಿಗೋ ಬೈಯಲು ಬರುವುದಿಲ್ಲ.
‘ನಿಮ್ಮಪ್ಪ ಕೊಟ್ಟ ವಾಚು ಹಿಂದಕ್ಕೆ ಓಡುತ್ತೆ!’ ಎಂದು ಕಿರುಚುತ್ತಾನೆ,
ಇಲ್ಲದ ಅಪ್ಪ ಕೊಡದ ವಾಚಿನ ಬಗ್ಗೆ.
ಪರದೆಯ ಈಚೆ ನಾನು ಸೆರಗು ಬಾಯಿಗೆ ತುರುಕಿ ನಗುತ್ತೇನೆ.
ಕೆಳಗೆ ಅದು ಬಿಕ್ಕಿದ ಹಾಗೆ ಕೇಳಿ
ಮರುದಿನ ಅವನಿಗೆ ಬುದ್ಧಿವಾದ, ನನಗೆ ಒಬ್ಬಟ್ಟು.
ಮೂರು ಶುಕ್ರವಾರ ಒಬ್ಬಟ್ಟು ತಿಂದೆ. ನಾಲ್ಕನೆಯದಕ್ಕೆ
‘ಈ ಸಲ ಅಳೋದು ನಾನು’ ಎಂದು ಹಟ ಹಿಡಿದ.

ಹೀಗೇ ಹೋಯಿತು, ಹಬ್ಬ, ಮಳೆ, ಮಾರ್ಕೆಟ್ಟಿನ ರಜೆ.

ಕಾರ್ತಿಕದ ಒಂದು ಗುರುವಾರ, ಕೊನೆಯ ಟ್ರಿಪ್ಪು,
ಕೈವಾರ ಕ್ರಾಸಿನಲ್ಲಿ ಬಸ್ಸು ಕೆಟ್ಟು ನಿಂತಿತು, ಮೊಬೈಲೂ ಸತ್ತಿತ್ತು.
ಹನ್ನೊಂದಕ್ಕೆ ಬಂದರೆ ಅವನು ಡಿಪೋದ ಗೇಟಿನಲ್ಲಿ,
ಒಂದು ಕೈಯಲ್ಲಿ ನನ್ನ ಸ್ವೆಟರು,
ಮತ್ತೊಂದು ಕೈ ಮ್ಯಾನೇಜರರ ಮೇಜಿನ ಮೇಲೆ ಕುಟ್ಟಿ ಕೆಂಪು.

‘ಕೇಳೋಕೆ ನೀನ್ಯಾರು?’ ಎಂದೆ, ಮನೆಗೆ ಬಂದ ಮೇಲೆ.
‘ಯಾರೂ ಅಲ್ಲ! ಹುಳಿ ಮೂರು ಸಲ ಬಿಸಿ ಮಾಡಿದೆ, ಅಷ್ಟೆ!’
ಆಮೇಲೆ ಏನೇನು ಅಂದೆವೋ, ಪರದೆಯ ಕೊಂಡಿ ಕಿತ್ತುಬಂತು.
ಗುರುವಾರ. ಪಟ್ಟಿಯಲ್ಲೇ ಇರಲಿಲ್ಲ ಗುರುವಾರ.
ಉಸಿರಿಗೆಂದು ಇಬ್ಬರೂ ನಿಂತಾಗ ಕೆಳಗಿನಿಂದ
ಅಶ್ವತ್ಥಮ್ಮನ ದನಿ: ‘ಹಾಂ! ಈಗ ಸರಿಯಾಯ್ತು ನೋಡಿ!’

ಕೊಂಡಿ ಹಾಕಿಸಲಿಲ್ಲ. ಮೊಳೆ ಸಿಗಲಿಲ್ಲ ಅಂದ.
ಸಾಮಾನಿನ ಡಬ್ಬಿಯಲ್ಲಿ ಹಿಡಿ ತುಂಬ ಮೊಳೆ ಇದ್ದವು,
ನಾನೂ ನೋಡಲಿಲ್ಲ.

ಹನ್ನೊಂದು ತಿಂಗಳು ತುಂಬಿತು.
ಹೊಸ ಛಾಪಾ ಕಾಗದ ಹಾಸಿ ಅಶ್ವತ್ಥಮ್ಮ ಕನ್ನಡಕ ಏರಿಸಿದರು:
‘ಈ ಸಲ ನಿನ್ನ ಹೆಸರೂ ಬರೀತೀನಿ, ಅಲಮೇಲು.
ಸಂಬಂಧ ಏನಂತ ಬರೀಲಿ?
ಇಷ್ಟು ದಿನ ಅವನ ಬಟ್ಟೆ ಹಗ್ಗದ ಆ ತುದಿ, ನಿನ್ನದು ಈ ತುದಿ.
ನನಗೇನು ಕಣ್ಣಿಲ್ವಾ?
ಬಾಡಿಗೆ ಸರಿಯಾಗಿ ಬರ್ತಿತ್ತು, ಸುಮ್ಮನಿದ್ದೆ.’

ಗ್ರಾಮು ತಪ್ಪದೆ ಗೂಡು ತೂಗುವವನು
ಮಾತು ತೂಗಲಾರದೆ ಕಾಲಿನ ಹೆಬ್ಬೆರಳು ನೋಡಿದ.
ಆಮೇಲೆ, ನನ್ನನ್ನು ನೋಡದೆ, ‘ಹೂಂ’ ಅಂದ.

ನಾನು ತಲೆ ಆಡಿಸಿದೆ.
ಚಳಿಗಾಲ. ಒಂದು ನೊಣವೂ ಇರಲಿಲ್ಲ.

ಬಾಡಿಗೆ ಮಾತ್ರ ಐನೂರು ಏರಿತು.